ಏಳು ಹಸಿರು ಓತಿಕ್ಯಾತಗಳು

೧೯೮೬ರ ಅಕ್ಟೋಬರ್ ೧೪, ಮಂಗಳವಾರ. ಬೆಳಿಗ್ಗೆ ಎಂಟೂ ನಲವತ್ತಕ್ಕೆ ಕ್ಯಾಲಿಫೋರ್ನಿಯಾದ ಹೇವರ್ಡ್ ಠಾಣೆಗೆ ದೂರು ಬಂತು. ಡಾಕ್ಟರ್ ಶೇಷಾದ್ರಿಯವರ ಪ್ರಯೋಗಾಲಯದಿಂದ ಏಳು ಓತಿಕ್ಯಾತಗಳು ಕಳುವಾಗಿದ್ದವು. ಡಿಟೆಕ್ಟಿವ್ ನಂಜುಂಡಸ್ವಾಮಿ ಹೋಗಿ ಮಹಜರು ಬರೆದ. ಬೀಗ ಮುರಿದಿರಲಿಲ್ಲ.

"ಇವು ಡೊಮಿನಿಕಾ ದ್ವೀಪದಲ್ಲಿ ಮಾತ್ರ ಹುಟ್ಟೋವು," ಎಂದರು ಶೇಷಾದ್ರಿ. "ಒಣ ಕರಾವಳೀಲಿ ಮಣ್ಣಿನ ಬಣ್ಣ, ಮಳೆಕಾಡಲ್ಲಿ ಕಡುಹಸಿರು. ಬಣ್ಣ ವಂಶದಿಂದ ಬರುತ್ತೆ, ಜಾಗದಿಂದಲ್ಲ. ಅದೇ ನನ್ನ ಇಪ್ಪತ್ತು ವರ್ಷದ ಕೆಲಸ. ಶುಕ್ರವಾರ ಪಾಲೋ ಆಲ್ಟೋದಿಂದ ವಿಜ್ಞಾನಿಗಳ ಕಮಿಟಿ ಬರ್ತಿತ್ತು, ಇವನ್ನ ನೋಡೋಕೆ."

"ಹೋದವು ಯಾವ ಬಣ್ಣ?"

"ಕರಾವಳಿ ವಂಶ. ಮಣ್ಣಿನ ಬಣ್ಣ."

"ಬೀಗದ ಕೈ?"

"ನಂದೊಂದು, ನಾಗರಾಜುದೊಂದು. ಇನ್ನು ನೀವೇ ಯೋಚಿಸಿ."

ಮಂಡ್ಯದ ನಾಗರಾಜು ಪ್ರಾಣಿಗಳನ್ನು ನೋಡಿಕೊಳ್ಳುವವನು. ಸ್ಟೂಲು ಒರೆಸಿ ಮುಂದಿಟ್ಟ.

"ನನ್ನ ಗ್ರೀನ್ ಕಾರ್ಡು ಈ ಕೆಲಸದ ಮೇಲೇ ನಿಂತಿದೆ ಸಾರ್. ಕಳ್ಳ ಅನ್ನಿಸ್ಕೊಂಡ್ರೆ ಹೆಂಡ್ತಿ ಮಕ್ಳ ಸಮೇತ ಪ್ಲೇನು ಹತ್ತಬೇಕು."

"ಅವು ಯಾವ ಬಣ್ಣ?"

"ಹಸಿರು. ಮರಿಯಾಗಿದ್ದಾಗ ಮಣ್ಣಿನ ಬಣ್ಣವೇ. ತೇವದ ರೂಮಿಗೆ ಬಿಟ್ಮೇಲೆ ಹಸಿರಾದ್ವು."

ಇಬ್ಬರಲ್ಲೊಬ್ಬ ಸುಳ್ಳುಗಾರ. ನಂಜುಂಡಸ್ವಾಮಿ ಎರಡೂ ಬಣ್ಣ ಬರೆದುಕೊಂಡ.

"ಮನೇಲಿಟ್ರೆ ಬದುಕ್ತವಾ?"

"ಬಟ್ಟಲಲ್ಲಿ ನೀರಿಟ್ರೆ ಮೂಸಲ್ಲ ಸಾರ್. ಎಲೆಗೆ ಸ್ಪ್ರೇ ಹೊಡೆದ್ರೆ ಹನಿ ನೆಕ್ತವೆ. ಊರಲ್ಲಿ ಓತಿಕ್ಯಾತಕ್ಕೆ ಕಲ್ಲು ಹೊಡೀತಿದ್ದೋನು, ಇಲ್ಲಿ ಸ್ನಾನ ಮಾಡಿಸ್ತಾ ಇದೀನಿ."

ಹನ್ನೊಂದಕ್ಕೆ ಅವನ ಅಪಾರ್ಟ್‌ಮೆಂಟು ಜಾಲಾಡಿದರು. ಪ್ಲಾಸ್ಟಿಕ್ ಹೂವಿನ ಹೊರತು ಒಂದು ಗಿಡವೂ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಹೇಳಿಕೆಗೆ ಸಹಿ ಹಾಕಿಸಲು ನಂಜುಂಡಸ್ವಾಮಿ ಶೇಷಾದ್ರಿಯವರ ಮನೆಗೆ ಹೋದ. ಬಾತ್‌ರೂಮಿನ ಬಾಗಿಲ ಸಂದಿಗೆ ಟವೆಲು ತುರುಕಿತ್ತು. ಮುಂದೊಂದು ಕುಂಡ, ಈಗಷ್ಟೇ ಒಳಗಿಡಲು ತಂದಂತೆ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಮಣ್ಣು ಮಾತ್ರ ಒಣಗಿ ಬಿರುಕು ಬಿಟ್ಟಿತ್ತು.

"ಈ ನೀರು ಗಿಡಕ್ಕಲ್ಲ. ಯಾರಿಗೆ ಸಾರ್?"

ಶೇಷಾದ್ರಿ ತಾವೇ ಬಾಗಿಲು ತೆರೆದರು. ಪರದೆಯ ಕಂಬಿಯ ಮೇಲೆ ಏಳೂ ಸಾಲಾಗಿ ಕೂತಿದ್ದವು. ಎಲ್ಲವೂ ಕಡುಹಸಿರು.

ನಾಲ್ಕೂ ಮೂವತ್ತೈದಕ್ಕೆ, ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಅವರ ಬಂಧನವಾಯಿತು.

"ಕರಾವಳಿ ವಂಶದವು ಹೀಗೆ ಹಸಿರಾಗಿದ್ದನ್ನ ಕಮಿಟಿ ನೋಡಿದ್ರೆ ನನ್ನ ಇಪ್ಪತ್ತು ವರ್ಷ ಮಣ್ಣುಪಾಲು," ಎಂದರು. "ಹಸಿರಾದ್ವು ಅಂತ ನಾಗರಾಜು ಹೇಳಿದ್ರೂ, ಕಳ್ಳನ ಮಾತು ಯಾರು ನಂಬ್ತಾರೆ ಅಂದ್ಕೊಂಡೆ."

"ಕೊಂದು ಬಿಸಾಕಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಮೊಟ್ಟೆಯಿಂದ ಸಾಕಿದ್ದು. ಕೈ ಬರ್ಲಿಲ್ಲ."

"ನಾಗರಾಜು ವಿಷಯಕ್ಕೆ ಕೈ ಬಂತಲ್ಲ ಸಾರ್?"

ಹೇಳಿಕೆಯಲ್ಲಿ ಆ ಪ್ರಶ್ನೆಯ ಮುಂದಿನ ಸಾಲನ್ನು ಖಾಲಿ ಬಿಟ್ಟು, ನಂಜುಂಡಸ್ವಾಮಿ ಅಲ್ಲಿದ್ದ ಫೋನನ್ನೇ ಎತ್ತಿಕೊಂಡ.

"ನಾಗರಾಜು, ನಿಮ್ಮ ಹೆಸರು ತೆಗೆದಾಯ್ತು. ಮನೆಯವರಿಗೆ ಈಗ್ಲೇ ಹೇಳ್ಬಿಡಿ."