ಕುದುರೆಗೆ ಚಮಚ ಅಂದವರು

"ಅಯ್ಯೋ ಅಪಾ, ಅದಲ್ಲ! ಅದನ್ನ ಒತ್ತಿದ್ರೆ ಎಲ್ಲಾ ಅಳಿಸಿಹೋಗುತ್ತೆ!"

ಜಿಬೆಕ್ ಮೇಜಿನ ಆ ಕಡೆಯಿಂದ ಹಾರಿಬಂದು ಅಜ್ಜಿಯ ಕೈಯಿಂದ ಟ್ಯಾಬ್ಲೆಟ್ ಕಿತ್ತುಕೊಂಡಳು. ಚಹಾದ ಬಟ್ಟಲು ಅಲುಗಾಡಿತು. ಜಾಮ್ ಹಚ್ಚಿಟ್ಟಿದ್ದ ಬೊರ್ಸೋಕ್, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಒಂದು ತಟ್ಟೆಯಿಂದ ಜಾರಿ ನೆಲಕ್ಕೆ ಬಿತ್ತು.

"ಒತ್ತಿಲ್ಲ ಕಣೇ. ಸುಮ್ನೆ ನೋಡ್ತಾ ಇದ್ದೆ," ಎಂದಳು ಅಜ್ಜಿ.

"ಮೊನ್ನೆನೂ ಸುಮ್ನೆ ನೋಡ್ತಾ ನೋಡ್ತಾನೇ ನನ್ನ ಫೋಟೋ ಎಲ್ಲಾ ಅಳಿಸಿಬಿಟ್ಟೆ! ಬಿಡು, ನಾನೇ ಮಾಡ್ತೀನಿ. ಮೊದಲ್ನೇ ಪ್ರಶ್ನೆ ಯಾವ್ದು ಹೇಳು."

ಅಜ್ಜಿ ಕನ್ನಡಕ ತೆಗೆದು ಮೂಗು ಉಜ್ಜಿಕೊಂಡಳು. "ಬಾತುಕೋಳಿ," ಎಂದಳು, ಸಣ್ಣ ದನಿಯಲ್ಲಿ.

ಕಿರ್ಗಿಜ್ ನಾಡಿನ ನಾರಿನ್ ಕಡೆ ಮೊದಲ ಮೊಮ್ಮಗು ಅಜ್ಜಿಯ ಪಾಲು. ಜಿಬೆಕ್‌ಳ ಅಮ್ಮ ಅಪ್ಪ ಎರಡು ಬೀದಿ ಆಚೆ ಇದ್ದರು, ಆದರೆ ಅವಳು ಬೆಳೆದದ್ದೆಲ್ಲ ಅಜ್ಜಿಯ ಮಗ್ಗುಲಲ್ಲೇ. ಅಮ್ಮನನ್ನು ಕರೆಯುವ ಹಾಗೆ ಅಜ್ಜಿಯನ್ನೇ 'ಅಪಾ' ಎನ್ನುತ್ತಿದ್ದಳು. ಶಾಲೆಯಲ್ಲಿ ಮಾತ್ರ ಅಪಾ ಎಲ್ಲರಿಗೂ ಬುರುಲ್ ಎಜೆ, ಅಂದರೆ ಬುರುಲ್ ಅಕ್ಕ. ಅಲ್ಲಿ ಟೀಚರನ್ನು ಕರೆಯುವುದೇ ಹಾಗೆ.

ಅಪಾ ಹಿಂದೆ ಜರ್ಮನ್ ಕಲಿಸುತ್ತಿದ್ದಳು. ಕಾಲ ಬದಲಾಯಿತು, ಊರಿಗೆಲ್ಲ ಇಂಗ್ಲಿಷ್ ಬೇಕಾಯಿತು. ತಲೆ ನರೆಯುವ ಹೊತ್ತಿನಲ್ಲಿ ಅಪಾ ಕೂತು ಇಂಗ್ಲಿಷ್ ಕಲಿತಳು. "ಮಕ್ಕಳಿಗಿಂತ ಒಂದು ಪಾಠ ಮುಂದೆ ಇರ್ತಿದ್ದೆ, ಅಷ್ಟೇ" ಎಂದು ಈಗಲೂ ನಗುತ್ತಾಳೆ.

ಈಗ ಟ್ಯಾಬ್ಲೆಟ್‌ಗಳ ಸರದಿ. ಜಿಬೆಕ್‌ಳ ಶಾಲೆಯಲ್ಲೇ ದೊಡ್ಡ ತರಬೇತಿ ನಡೆಯುತ್ತಿತ್ತು. ತಾಜಿಕಿಸ್ತಾನ, ಉಜ್ಬೆಕಿಸ್ತಾನ, ಕಜಾಕಿಸ್ತಾನದಿಂದೆಲ್ಲ ಇಂಗ್ಲಿಷ್ ಟೀಚರುಗಳು ಬಂದಿದ್ದರು. ಎಲ್ಲರೂ ಚಿಕ್ಕ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂತು, ಮಕ್ಕಳ ಹಾಗೆಯೇ ಪಕ್ಕದವರನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಅವರಿಗೆ ಹೇಳಿಕೊಡುವವರು ಅಲ್ಮಾಟಿಯಿಂದ ಬಂದ ಮದೀನಾ ಮಿಸ್. ಕೊನೆಗೆ ಒಬ್ಬೊಬ್ಬರೂ ಮಕ್ಕಳನ್ನು ಕೂರಿಸಿಕೊಂಡು, ಉಳಿದವರೆಲ್ಲರ ಎದುರು, ಟ್ಯಾಬ್ಲೆಟ್ ಬಳಸಿ ಒಂದು ತೆರೆದ ಪಾಠ ಮಾಡಬೇಕು.

ಪಾಠ ಚೆನ್ನಾಗಿ ಆಗದಿದ್ದರೆ? ಹೆಡ್ ಸರ್ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದರು. "ಬುರುಲ್ ಎಜೆ, ಬೇಜಾರ್ ಮಾಡ್ಕೋಬೇಡಿ. ಇದು ಆಗ್ಲಿಲ್ಲ ಅಂದ್ರೆ ಇಂಗ್ಲಿಷ್ ಕ್ಲಾಸು ಹೊಸದಾಗಿ ಬಂದಿರೋ ಟೀಚರ್ ಹುಡುಗಿಗೆ ಕೊಡೋಣ. ನೀವು ಆರಾಮಾಗಿ ಲೈಬ್ರರಿ ನೋಡ್ಕೊಳ್ಳಿ."

ಬಾಗಿಲ ಹೊರಗೆ ನಿಂತಿದ್ದ ಜಿಬೆಕ್‌ಗೆ ಅದು ಕೇಳಿಸಿತ್ತು. ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಲೈಬ್ರರಿ ಎಂದರೆ ಮೆಟ್ಟಿಲ ಕೆಳಗಿನ ಒಂದು ತಣ್ಣನೆಯ ಕೋಣೆ. ಅಲ್ಲಿ ಪುಸ್ತಕಕ್ಕಿಂತ ಮುರಿದ ಕುರ್ಚಿಗಳೇ ಜಾಸ್ತಿ. ಬೋರ್ಡಿನ ಮುಂದೆ ಕುಣಿದಾಡುವ ಅಪಾ ಅಲ್ಲಿ ಒಬ್ಬಳೇ ಕೂತಿರುವುದನ್ನು ನೆನೆದರೆ ಜಿಬೆಕ್‌ಗೆ ಅಳುವೇ ಬರುತ್ತಿತ್ತು.

ತೆರೆದ ಪಾಠವೇನೂ ಆ ಶಾಲೆಯ ಮಕ್ಕಳಿಗೆ ಹೊಸದಲ್ಲ. ವರ್ಷಕ್ಕೊಂದು ಎರಡು ನಡೆಯುತ್ತಲೇ ಇರುತ್ತವೆ. ಬಿಳಿ ಅಂಗಿ ಇಸ್ತ್ರಿ ಮಾಡಿಸಬೇಕು, ಹುಡುಗಿಯರ ತಲೆಯಲ್ಲಿ ಹೂಕೋಸಿನಷ್ಟು ದೊಡ್ಡ ಬಿಳಿ ರಿಬ್ಬನ್ ಇರಬೇಕು. ಯಾರು ಯಾವ ಪ್ರಶ್ನೆಗೆ ಏನು ಹೇಳಬೇಕೆಂದು ವಾರ ಮೊದಲೇ ಗಿಣಿಪಾಠ ಆಗಿರುತ್ತದೆ. ಉತ್ತರ ಗೊತ್ತಿರುವವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಹಿಂದೆ ಕೂತ ಅತಿಥಿಗಳಿಗೆ ಇಡೀ ಕ್ಲಾಸೇ ಸರಸ್ವತಿಯ ಮಕ್ಕಳ ಹಾಗೆ ಕಾಣುತ್ತದೆ. ಟೀಚರ್ ಮಾತ್ರ ಬಲಗೈಗಳನ್ನೇ ಹುಡುಕಿ ಕೇಳುತ್ತಾರೆ. ಆ ಅತಿಥಿಗಳೂ ಟೀಚರುಗಳೇ, ಅವರ ಶಾಲೆಯಲ್ಲೂ ಹೀಗೇ. ಆದರೂ ಎಲ್ಲರೂ ಮೆಚ್ಚಿಕೊಂಡು ತಲೆದೂಗಿ ಹೋಗುತ್ತಾರೆ.

ಆದರೆ ಈ ಸಲ ಅಪಾ, "ರಿಹರ್ಸಲ್ ಇಲ್ಲ" ಎಂದುಬಿಟ್ಟಳು.

"ಇಲ್ವಾ! ಯಾಕೆ?"

"ಮದೀನಾ ಬೇಡ ಅಂದಿದಾಳೆ. ನಿಜವಾದ ಪಾಠ ನೋಡ್ಬೇಕಂತೆ."

"ನಿಜವಾದ ಪಾಠ ತೆರೆದ ಪಾಠದಲ್ಲಿ ಯಾರಾದ್ರೂ ಮಾಡ್ತಾರಾ ಅಪಾ?"

"ಮಾಡಿ ನೋಡೋಣ ಕುದುರೆಮರಿ," ಎಂದು ಅಪಾ ಅವಳ ಕೆನ್ನೆ ಹಿಂಡಿದಳು.

ಜಿಬೆಕ್‌ಗೆ ಸಮಾಧಾನವಾಗಲಿಲ್ಲ. ಟ್ಯಾಬ್ಲೆಟ್ ಹಿಡಿದರೆ ಅಪಾ ಏನನ್ನೋ ಒತ್ತಿಬಿಡುತ್ತಾಳೆ. ಮಕ್ಕಳೂ ತಪ್ಪು ಹೇಳಿದರೆ ಮುಗಿಯಿತು ಕತೆ. ಆದರೆ ಟ್ಯಾಬ್ಲೆಟ್‌ನಲ್ಲಿ ಪ್ರಶ್ನೆಗಳನ್ನು ಹಾಕಿದ್ದು ಯಾರು? ಅವಳೇ ತಾನೇ. ಒಂದೊಂದು ಪ್ರಶ್ನೆಗೂ ಒಂದು ಚಿತ್ರ, ಚಿತ್ರದ ಕೆಳಗೆ ನಾಲ್ಕು ಬಣ್ಣದ ಚೌಕ, ಚೌಕಕ್ಕೊಂದು ಇಂಗ್ಲಿಷ್ ಪದ. ಯಾವ ಪ್ರಶ್ನೆಗೆ ಯಾವ ಬಣ್ಣ ಸರಿ ಎಂದು ಅವಳಿಗೆ ಬಾಯಿಪಾಠವಾಗಿತ್ತು.

ಮರುದಿನ ರಿಸೆಸ್‌ನಲ್ಲಿ ಪಾಪ್ಲಾರ್ ಮರದ ಕೆಳಗೆ ಇಡೀ ಐದನೇ ಕ್ಲಾಸನ್ನು ಗುಡ್ಡೆಹಾಕಿದಳು.

"ಎಲ್ರೂ ಹೇಳಿ! ಕೆಂಪು, ಕೆಂಪು, ನೀಲಿ, ಹಸಿರು, ಹಳದಿ, ಹಸಿರು!"

"ಹಸಿರು ಎರಡು ಸಲನಾ?" ಬಾಯಿತುಂಬ ಕುರುತ್ ಚೀಪುತ್ತಾ ಕೇಳಿದ ತಿಲೆಕ್. ಅವನ ಜೇಬಿನಲ್ಲಿ ಆ ಉಪ್ಪುಮೊಸರಿನ ಉಂಡೆ ಯಾವಾಗಲೂ ಇದ್ದೇ ಇರುತ್ತದೆ.

"ಎರಡು ಸಲ. ಮಧ್ಯದಲ್ಲಿ ಹಳದಿ. ಬಾಯಿ ಖಾಲಿ ಮಾಡ್ಕೊಂಡು ಹೇಳೋ!"

"ಪದ ಯಾವ್ದು ಅಂತ ಓದೋದು ಬೇಡ್ವಾ?"

"ಓದ್ಲೂ ಬೇಡ, ಯೋಚಿಸ್ಲೂ ಬೇಡ. ಒತ್ತು, ಅಷ್ಟೇ. ಓದ್ತಾ ಕೂತ್ರೆ ಲೇಟಾಗುತ್ತೆ."

"ಇಷ್ಟು ಸುಲಭದ ಇಂಗ್ಲಿಷ್ ನಮ್ಮ ಅಪ್ಪನಿಗೂ ಬರುತ್ತೆ ಬಿಡು," ಎಂದ ತಿಲೆಕ್. ಎಲ್ಲರೂ ಕುಂಟಾಬಿಲ್ಲೆ ಆಡುತ್ತಾ ಬಣ್ಣಗಳನ್ನೇ ಹಾಡಿಕೊಂಡರು. ಅಪಾಗೆ ಇದರ ಸುಳಿವೇ ಇರಲಿಲ್ಲ.

ತೆರೆದ ಪಾಠದ ದಿನ ಕ್ಲಾಸಿನ ಹಿಂದೆ ಕುರ್ಚಿಗಳು ಸಾಲದೆ ಇಬ್ಬರು ಟೀಚರುಗಳು ಕಿಟಕಿ ಕಟ್ಟೆ ಮೇಲೆ ಕೂತರು. ಹೆಡ್ ಸರ್ ಟೈ ಕಟ್ಟಿಕೊಂಡು ಬಂದಿದ್ದರು. ಮದೀನಾ ಮಿಸ್ ಒಂದು ಮೂಲೆಯಲ್ಲಿ ನಗುತ್ತಾ ನಿಂತಿದ್ದರು. ಅಪಾ ಹಬ್ಬದ ಕೋಟು ಹಾಕಿದ್ದಳು. ಅವಳ ಕೊರಳು ಕೆಂಪಾಗಿತ್ತು.

ಮಕ್ಕಳ ಕೈಯಲ್ಲಿ ಟ್ಯಾಬ್ಲೆಟ್‌ಗಳು. ಗೋಡೆಯ ದೊಡ್ಡ ಪರದೆಯಲ್ಲಿ ಸಂಗೀತ ಶುರುವಾಯಿತು, ಟಿಣ್ ಟಿಣ್ ಟಿಣ್. ಮೊದಲ ಚಿತ್ರ ಬಂತು.

ಇಡೀ ಕ್ಲಾಸು ಒಂದೇ ಏಟಿಗೆ ಕೆಂಪು ಒತ್ತಿತು.

ಆಮೇಲೆ ಜಿಬೆಕ್ ತಲೆ ಎತ್ತಿ ನೋಡಿದಳು. ಮೊದಲು ಬರಬೇಕಿದ್ದದ್ದು ಬಾತುಕೋಳಿ. ಪರದೆಯ ಮೇಲೆ ಕುದುರೆ ನಿಂತಿತ್ತು! ಕುದುರೆಯ ಕೆಳಗಿನ ಕೆಂಪು ಚೌಕದಲ್ಲಿ ಇಂಗ್ಲಿಷಿನಲ್ಲಿ 'ಸ್ಪೂನ್' ಎಂದಿತ್ತು.

ಯಂತ್ರಕ್ಕೆ ದಾಕ್ಷಿಣ್ಯವೆಲ್ಲಿ? ಎಲ್ಲರ ಹೆಸರನ್ನೂ ಸಾಲಾಗಿ ತೋರಿಸಿತು. ಕ್ಲಾಸಿನ ಪ್ರತಿ ಮಗುವೂ ಕುದುರೆಯನ್ನು ಚಮಚ ಎಂದಿತ್ತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಕಿರ್ಗಿಜ್ ಮಕ್ಕಳಿಗೆ ಕುದುರೆ ಗೊತ್ತಿಲ್ವಾ! ನಡೆಯೋಕೆ ಮೊದ್ಲೇ ಸವಾರಿ ಕಲೀತಾರೆ ಅಂದಿದ್ರಿ?" ಎಂದರು ತಾಜಿಕಿಸ್ತಾನದ ಒಬ್ಬ ಟೀಚರ್.

ಎರಡನೇ ಚಿತ್ರ ಬಂತು. ಮಕ್ಕಳು ಜಿಬೆಕ್‌ಳ ಮುಖ ನೋಡಿದರು. ಅವಳು ಏನೆಂದು ಸನ್ನೆ ಮಾಡಿಯಾಳು? ಯೋಚಿಸಬೇಡಿ, ಒತ್ತಿ ಎಂದವಳು ಅವಳೇ. ಮತ್ತೆ ಎಲ್ಲರೂ ಕೆಂಪು ಒತ್ತಿದರು. ಈ ಸಲ ಸೇಬು 'ಅಜ್ಜ' ಆಯಿತು. ಕಿಟಕಿ ಕಟ್ಟೆಯವರು ನಗು ತಡೆಯಲಾರದೆ ಕರವಸ್ತ್ರ ಬಾಯಿಗಿಟ್ಟುಕೊಂಡರು.

ಅಪಾ ಪರದೆ ನೋಡಿದಳು. ಮಕ್ಕಳನ್ನು ನೋಡಿದಳು. ಜಿಬೆಕ್‌ಳನ್ನು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

ಹೆಡ್ ಸರ್ ಎದ್ದು ನಿಂತರು. "ಮೆಷಿನ್ ಕೆಟ್ಟಿದೆ! ನಿನ್ನೆ ಕರೆಂಟ್ ಹೋಗಿತ್ತಲ್ಲ, ಅದ್ಕೇ!"

"ಮೆಷಿನ್ ಸರಿಯಾಗಿದೆ ಸರ್," ಎಂದರು ಮದೀನಾ ಮಿಸ್. ಅವರು ನಗುತ್ತಿರಲಿಲ್ಲ. "ಎಜೆ, ಇವತ್ತಿಗೆ ಸಾಕು. ನಾಳೆ ಆರನೇ ಕ್ಲಾಸಿಗೆ ಇನ್ನೊಂದ್ ಸಲ ಮಾಡ್ತೀರಾ?"

"ಮಾಡ್ತೀನಿ," ಎಂದಳು ಅಪಾ.

"ಕೊನೇ ಸಲ," ಎಂದು ಹೆಡ್ ಸರ್ ಟೈ ಸಡಿಲಿಸಿಕೊಂಡರು.

ಮನೆಯ ದಾರಿಯಲ್ಲಿ ನದಿ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಪಾ ಬಿರಬಿರನೆ ನಡೆದಳು. ಜಿಬೆಕ್‌ಳ ರಿಬ್ಬನ್ ಬಿಚ್ಚಿ ಬೆನ್ನ ಮೇಲೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಇಬ್ಬರೂ ಸೇತುವೆ ದಾಟಿದರು. ಜಿಬೆಕ್‌ಗೆ ತಡೆಯಲಾಗಲಿಲ್ಲ.

"ನಾನೇ ಅಪಾ. ಬಣ್ಣ ಎಲ್ಲಾ ನಾನೇ ಹೇಳಿಕೊಟ್ಟೆ."

"ಗೊತ್ತು. ಕುದುರೆಗೆ ಚಮಚ ಅನ್ನೋ ಬುದ್ಧಿ ಅಷ್ಟೂ ಮಕ್ಕಳಿಗೆ ಒಟ್ಟಿಗೇ ಹೇಗೆ ಬರುತ್ತೆ?"

"ಆದ್ರೆ ನಾನು ಸರಿಯಾಗೇ ಹಾಕಿದ್ದೆ! ಪ್ರಶ್ನೆ ಎಲ್ಲಾ ಹಿಂದುಮುಂದು ಹೇಗಾಯ್ತು?"

"ನಾನೇ ಮಾಡ್ದೆ," ಎಂದಳು ಅಪಾ. "ಪ್ರಶ್ನೆಗಳನ್ನ ಕಲಸೋಕೆ ಒಂದು ಬಟನ್ ಇದೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ರು. ಬೆಳಿಗ್ಗೆ ನಾನೇ ಹುಡುಕಿ ಒತ್ತಿದೆ."

ಜಿಬೆಕ್ ನಿಂತುಬಿಟ್ಟಳು. "ನೀನಾ? ಒಬ್ಬಳೇ?"

ಅಪಾನೂ ನಿಂತಳು. ಅವಳ ಕಣ್ಣು ಒದ್ದೆಯಾಗಿತ್ತು. ಗಾಳಿಗಿರಬಹುದು ಎಂದುಕೊಳ್ಳಲು ಜಿಬೆಕ್ ನೋಡಿದಳು, ಆಗಲಿಲ್ಲ.

"ಆ ಹೆಡ್‌ಗೆ ನನ್ನ ಮೇಲೆ ನಂಬಿಕೆ ಇಲ್ಲ, ಹೋಗ್ಲಿ. ನಾನು ಸೋತೇ ಸೋಲ್ತೀನಿ ಅಂತ ನಿನಗೂ ಅನ್ನಿಸಿತ್ತಾ?"

ಜಿಬೆಕ್ ಬಿಚ್ಚಿದ ರಿಬ್ಬನ್ ಎಳೆದು ಬೆರಳಿಗೆ ಸುತ್ತಿಕೊಂಡಳು. ನಿಜ ಹೇಳಬೇಕೆಂದರೆ ಹೌದು, ಹಾಗೆಯೇ ಅನ್ನಿಸಿತ್ತು. ಅಪಾ ಗೆಲ್ಲಬಹುದು ಎಂದು ಅವಳಿಗೆ ಒಂದು ಸಲವೂ ಹೊಳೆದಿರಲಿಲ್ಲ.

ಅಂದು ಸಂಜೆ ಅಪಾ ಟ್ಯಾಬ್ಲೆಟ್ ಹಿಡಿದು ಒಲೆಯ ಪಕ್ಕ ಕೂತಳು. ಪ್ರಶ್ನೆಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕತೊಡಗಿದಳು. ಒಂದೊಂದು ಅಕ್ಷರಕ್ಕೂ ಬೆರಳು ಗಾಳಿಯಲ್ಲಿ ಒಂದು ಸುತ್ತು ಹಾಕಿ ಇಳಿಯುತ್ತಿತ್ತು.

"ಸಹಾಯ ಮಾಡ್ಲಾ ಅಪಾ?"

"ಬೇಡ."

ಸಿಟ್ಟಿಲ್ಲದ, ಬರೀ 'ಬೇಡ'. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ವಾಸಿಯಿತ್ತು. ಜಿಬೆಕ್ ಆಲೂಗಡ್ಡೆ ಸಿಪ್ಪೆ ತೆಗೆಯುವ ನೆಪದಲ್ಲಿ ಬೆನ್ನು ಮಾಡಿ ಕೂತು, ಮೂಗು ಒರೆಸಿಕೊಂಡಳು.

ಮರುದಿನ ಆರನೇ ಕ್ಲಾಸಿನ ಬಾಗಿಲು ಮುಚ್ಚಿತು. ಜಿಬೆಕ್ ನೀರು ಕುಡಿಯಲು ಎಂದು ಹೇಳಿ ತನ್ನ ಕ್ಲಾಸಿನಿಂದ ಹೊರಬಿದ್ದು, ಆ ಬಾಗಿಲಿಗೆ ಕಿವಿ ಹಚ್ಚಿ ನಿಂತಳು.

ಒಳಗೆ ಅಪಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಮಕ್ಕಳು ಉತ್ತರ ಕೊಟ್ಟರು. ಆಮೇಲೆ ಸದ್ದೇ ಇಲ್ಲ.

ಏನಾಯಿತು? ಸಂಗೀತ ಯಾಕೆ ಬರುತ್ತಿಲ್ಲ? ಜಿಬೆಕ್‌ಗೆ ಗೊತ್ತಾಯಿತು, ಶುರು ಮಾಡುವ ಬಟನ್ ಸಿಕ್ಕಿಲ್ಲ. ಅದು ಮೇಲಿಲ್ಲ ಅಪಾ, ಕೆಳಗೆ, ಬಲಗಡೆ! ಕುರ್ಚಿಯೊಂದು ಕಿರ್ರೆಂದಿತು, ಯಾರೋ ಕೆಮ್ಮಿದರು. ಹೆಡ್ ಸರ್ ಅವರ ಕೆಮ್ಮೇ ಅದು.

ಜಿಬೆಕ್‌ಳ ಕೈ ಬಾಗಿಲ ಹಿಡಿಯ ಮೇಲಿತ್ತು. ತಳ್ಳಿದರೆ ಸಾಕು. ಓಡಿಹೋಗಿ, ಒಂದೇ ಒಂದು ಸಲ ಒತ್ತಿ, ಹೊರಗೆ ಬಂದುಬಿಡಬಹುದು.

ಅವಳು ಹಿಡಿ ಬಿಟ್ಟಳು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಒರಗಿದಳು. ಅಷ್ಟು ಕಷ್ಟದ ಕೆಲಸವನ್ನು ಅವಳು ಅದುವರೆಗೆ ಮಾಡಿರಲಿಲ್ಲ.

ಒಳಗೆ ಅಪಾ ನಕ್ಕಳು. "ಸ್ವಲ್ಪ ತಾಳಿ ಮಕ್ಕಳೇ, ಈ ಬಟನ್ ನನ್ನ ಜೊತೆ ಕಣ್ಣಾಮುಚ್ಚಾಲೆ ಆಡ್ತಿದೆ. ಹುಡುಕ್ತೀನಿ."

ಮಕ್ಕಳೂ ನಕ್ಕರು. ಇನ್ನೂ ಸ್ವಲ್ಪ ಹೊತ್ತಾಯಿತು.

ಟಿಣ್ ಟಿಣ್ ಟಿಣ್!

ಆಮೇಲೆ ಒಳಗೆ ಸಂತೆಯೇ ನೆರೆಯಿತು. ಒಬ್ಬರು "ಹುರ್ರೇ" ಎಂದರೆ ಇನ್ನೊಬ್ಬರು "ಅಯ್ಯೋ". "ತಪ್ಪಾ? ಯಾರ್ಯಾರದು ತಪ್ಪು, ಬನ್ನಿ ಇಲ್ಲಿ, ಬೋರ್ಡ್ ಹತ್ರ!" ಎಂದು ಅಪಾ ಕೂಗುತ್ತಿದ್ದಳು. ಅದು ಅವಳ ದಿನದ ದನಿ, ಕುಣಿದಾಡುವಾಗಿನ ದನಿ.

ಗಂಟೆ ಹೊಡೆಯಿತು. ಬಾಗಿಲು ತೆರೆದು ಆರನೇ ಕ್ಲಾಸಿನವರು ಜಗಳವಾಡುತ್ತಲೇ ಹೊರಗೆ ನುಗ್ಗಿದರು. ಜಿಬೆಕ್ ಅವರ ತೋಳುಗಳ ಸಂದಿಯಿಂದ ಒಳಗೆ ಇಣುಕಿದಳು.

ಮದೀನಾ ಮಿಸ್ ಹೆಡ್ ಸರ್‌ಗೆ ಏನೋ ಹೇಳುತ್ತಿದ್ದರು. ಹೆಡ್ ಸರ್ ತಲೆಯಾಡಿಸಿ, "ಸರಿ, ಸರಿ, ಕ್ಲಾಸು ಎಜೆ ಹತ್ರನೇ ಇರ್ಲಿ" ಎನ್ನುತ್ತಿದ್ದರು. ಅಪಾಗೆ ಅದು ಕೇಳಿಸಿದಂತೆಯೂ ಕಾಣಲಿಲ್ಲ. ಅವಳ ಸುತ್ತ ಟೀಚರುಗಳು ಮುತ್ತಿಕೊಂಡಿದ್ದರು. ನಿನ್ನೆ ನಕ್ಕಿದ್ದ ತಾಜಿಕ್ ಟೀಚರ್ ತಮ್ಮ ಟ್ಯಾಬ್ಲೆಟನ್ನು ಅಪಾಳ ಮುಂದೆ ಹಿಡಿದು ಕೇಳುತ್ತಿದ್ದರು. "ಪ್ರಶ್ನೆ ಕಲಸೋದು ಎಲ್ಲಿದೆ ಎಜೆ? ನನಗೆ ಸಿಗ್ತಾನೇ ಇಲ್ಲ."

ಅಪಾ ಕನ್ನಡಕ ಏರಿಸಿಕೊಂಡಳು. ಒಂದು ಬಟನ್ ಒತ್ತಿದಳು. ಅದು ತಪ್ಪು. ಇನ್ನೊಂದು ಒತ್ತಿದಳು.

ಆ ಗುಂಪಿನೊಳಗೆ ನುಗ್ಗಿ ಅಪಾಳ ಕೋಟು ಹಿಡಿದು ನಿಲ್ಲಬೇಕೆಂದು ಜಿಬೆಕ್‌ಗೆ ಎಷ್ಟೋ ಆಸೆಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅಪಾ ಈಗ ಕೆಲಸದಲ್ಲಿದ್ದಾಳೆ ಎಂದುಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದು, ಅವಳು ತನ್ನ ಕ್ಲಾಸಿನ ಕಡೆ ನಡೆದಳು.