ಹೆಸರಿಲ್ಲದ ತೀರ್ಪು

"ಆ ಹಾಳೆ ಮುಟ್ಬೇಡ ಆಶ್ಲಿ. ಹಾಗೇ ವಾಪಸ್ ಕಳ್ಸು," ಎಂದ ಭೋಜ.

ಆಶ್ಲಿ ನಕ್ಕ. ಕುವೈತಿನ ಮಿರ್ಕಾಬ್ ಪೇಟೆಯ ಈ ಟೈಪಿಂಗ್ ಆಫೀಸಿಗೆ, ಹೋದ ತಿಂಗಳು ಸತ್ತ ಮೋನುವಿನ ಜಾಗಕ್ಕೆ, ಅವನು ಸೇರಿ ಒಂಬತ್ತೇ ದಿನ. ಅಮೆರಿಕದ ಹಳೆಯ ಕೋರ್ಟು ಕಾಗದಗಳ ಚಿತ್ರ ನೋಡಿ ಟೈಪು ಮಾಡುವ ಕೆಲಸ. ಈ ವಾರದ್ದೆಲ್ಲ ಒಬ್ಬನವೇ: ನೂರೈವತ್ತು ವರ್ಷದ ಹಿಂದೆ ಒಹಾಯೋ ರಾಜ್ಯದಲ್ಲಿ ನ್ಯಾಯಾಧೀಶನಾಗಿದ್ದ ಎಜ್ರಾ ಹಾಲ್ಕಂಬನವು. ಚರ್ಮ ಹದಮಾಡುವವನ ಮಗ. ಮೂವತ್ತಕ್ಕೆ ವಕೀಲ, ನಲವತ್ತಕ್ಕೆ ಪೀಠ. ಇಪ್ಪತ್ತು ವರ್ಷದಲ್ಲಿ ನಲವತ್ತೊಂದು ಗಲ್ಲು. ವಿಚಾರಣೆಯ ಹಿಂದಿನ ದಿನವೇ ತೀರ್ಪು ಬರೆದಿಟ್ಟು, ಹೆಸರಿನ ಜಾಗವನ್ನಷ್ಟೇ ಖಾಲಿ ಬಿಡುತ್ತಿದ್ದ. ಕೊನೆಯ ಕೈದಿಯ ತಾಯಿ ಕೋರ್ಟಿನಲ್ಲೇ ಹಿಡಿ ಮಣ್ಣು ತೂರಿ ಶಪಿಸಿದ್ದಳು: ನೀನು ಸತ್ತರೂ ನಿನ್ನ ಲೇಖನಿ ಕೊಲ್ಲುತ್ತಲೇ ಇರಲಿ. ಅವನು ಸತ್ತಾಗ ಮೇಜಿನ ಮೇಲಿದ್ದದ್ದು ಹೆಸರು ತುಂಬದ ಈ ಹಾಳೆ.

"ಹೆಸರಿನ ಜಾಗ ಖಾಲಿ ಬಿಟ್ರೆ ಸಿಸ್ಟಮ್ ತಗೊಳ್ಳುದಿಲ್ಲ ಭೋಜಣ್ಣ. ಎಲ್ಲರೂ ತಮ್ಮ ಹೆಸರು ಹೊಡೆದು ಮುಂದೆ ಹೋಗುದಲ್ವಾ?"

"ಇದಕ್ಕೆ ಬೇಡ ಮಾರಾಯ."

"ಸತ್ತ ಜಡ್ಜಿಗೆ ಕುವೈತಿಗೆ ಬರ್ಲಿಕ್ಕೆ ವೀಸಾ, ಇಕಾಮಾ ಬೇಡ್ವಾ? ಅವನನ್ನು ಕರೆಸಿದ ಕಫೀಲ್ ಯಾರು, ನೀವಾ?"

ಆಶ್ಲಿ ಕುಟಿನ್ಹೋ ಎಂದು ತನ್ನ ಹೆಸರನ್ನೇ ಹೊಡೆದು ಎಂಟರ್ ಒತ್ತಿದ.

ಊಟದ ಹೊತ್ತು. ಆಫೀಸಿನಲ್ಲಿ ಅವರಿಬ್ಬರೇ. ಹೊರಗೆ ಧೂಳು ಎದ್ದು ಮಧ್ಯಾಹ್ನವೇ ಕಂದು ಬಣ್ಣಕ್ಕೆ ತಿರುಗಿತ್ತು. ಎ.ಸಿ. ಗೊರಗುಟ್ಟಿ ನಿಂತಿತು. ಹಸಿ ಚರ್ಮದ ನಾತ ಬಂತು. ಆಮೇಲೆ ನೆನೆದ ಸೆಣಬಿನ ವಾಸನೆ. ಮೇಲೆಲ್ಲೋ ಮರದ ತೊಲೆ ಕಿರ್ರೆಂದಿತು. ಆ ಕಟ್ಟಡದಲ್ಲಿ ಮರವೇ ಇರಲಿಲ್ಲ.

ಕತ್ತಿನ ಸುತ್ತ ಏನೋ ಒರಟಾಗಿ ಕೂತಿತು. ಬಿಗಿಯಿತು.

ಆಶ್ಲಿ ಹೆಸರು ಅಳಿಸಿದ. ಅಳಿಸಿದ ಜಾಗದಲ್ಲಿ ಅದೇ ಹೆಸರು ಮತ್ತೆ ಮೂಡಿತು. ಮತ್ತೆ ಅಳಿಸಿದ. ಮತ್ತೆ ಮೂಡಿತು.

"ಬೇರೆ ಹೆಸರು ಹಾಕು!" ಭೋಜ ಕಿರುಚಿದ. "ಬದುಕಿರುವವರದ್ದು, ನೀನು ಕಣ್ಣಾರೆ ನೋಡಿದವರದ್ದು! ಹೋದ ತಿಂಗಳು ಇದೇ ಹಾಳೆ ನಂಗೆ ಬಂದಾಗ ನಾನು ಮೋನುವಿನದು ಹಾಕಿಯೇ ಉಳಿದದ್ದು..."

ಹೇಳಿಬಿಟ್ಟು ಬಾಯಿ ಮುಚ್ಚಿಕೊಂಡ.

ಉಸಿರಿಲ್ಲ. ಕಣ್ಣು ಕತ್ತಲೆ. ಆ ಕತ್ತಲೆಯಲ್ಲಿ ಯಾರ ಮುಖವೂ ನೆನಪಿಗೆ ಬರಲಿಲ್ಲ, ಎದುರಿಗಿದ್ದ ಒಂದರ ಹೊರತು. ಆಶ್ಲಿಯ ಬೆರಳು ಕೀಬೋರ್ಡನ್ನು ತಡಕಿತು. ಪರದೆಯ ಮೇಲೆ ಭೋಜನ ಹೆಸರಿನ ಮೊದಲೆರಡು ಅಕ್ಷರ ಮೂಡಿದವು.

ಭೋಜ ಅದನ್ನು ಓದಿದ. ಕೀಬೋರ್ಡಿನ ವಯರನ್ನು ಕಿತ್ತ.

"ನಂಗೆ ಮಕ್ಕಳುಂಟು ಆಶ್ಲಿ," ಎಂದ, ಮೆಲ್ಲಗೆ. "ಬೇಡ ಅಂತ ಹೇಳಿದ್ದೆ ನಾನು."

ಕುರ್ಚಿಯಿಂದ ಮೇಲಕ್ಕೆಳೆದಂತೆ ಆಶ್ಲಿಯ ಹಿಮ್ಮಡಿ ನೆಲ ಬಿಟ್ಟಿತು. ಅವನು ಕೈ ಚಾಚಿದ. ಭೋಜ ಕೀಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯನ್ನು ಹಿಂದಕ್ಕೆ ಸರಿಸಿದ, ಒದೆಯುವ ಕಾಲು ತಾಗದಷ್ಟು ದೂರ.