ನಾಲ್ಕನೇ ನಿಂಬೆಹಣ್ಣು

"ನಿಲ್ಲಿಸಿ! ಕಾಯಿ ಒಡೀಬೇಡಿ!"

ದೀಕ್ಷಿತಾ ರಸ್ತೆಯಲ್ಲಿ ಮೊಣಕಾಲೂರಿ, ಕೆನ್ನೆ ಟಾರಿಗೆ ತಾಗುವಷ್ಟು ಬಾಗಿ, ಕಾರಿನ ಮುಂದಿನ ಎಡಚಕ್ರದೊಳಗೆ ಇಣುಕುತ್ತಿದ್ದಳು. ಉಳಿದ ಮೂರು ಚಕ್ರಗಳ ಮುಂದೆ ಆಗಲೇ ನಿಂಬೆಹಣ್ಣು ಕೂತಿದ್ದವು. ನಾಲ್ಕನೆಯದು ಅವಳ ಮುಷ್ಟಿಯಲ್ಲಿತ್ತು. ದೇವಸ್ಥಾನದ ಅರ್ಚಕರಾದ ಗುರುಕ್ಕಳು ಎತ್ತಿದ ತೆಂಗಿನಕಾಯಿ ಗಾಳಿಯಲ್ಲೇ ನಿಂತಿತು.

"ಎಂಥದು ಮಾರಾಯ್ತಿ, ಒಳಗೆ ಬೆಕ್ಕು ಉಂಟಾ?" ಎಂದರು ಡಾಕ್ಟರ್ ಯಜ್ಞನಾರಾಯಣ. ಹೊಸ ಪಂಚೆ, ಹೊಸ ಶಲ್ಯ, ಮುಖದಲ್ಲಿ ಮದುಮಗನ ಕಳೆ.

"ಬೆಕ್ಕಲ್ಲ ಸಾರ್, ಬ್ರೇಕು. ಇಷ್ಟು ಸಣ್ಣ ಬ್ರೇಕು ಇರಬಾರದು ಇಲ್ಲಿ."

ಅವಳು ಎದ್ದಳು. ಮುಂದಿನ ಗಾಜಿನ ಮೂಲೆಯಲ್ಲಿ ಕೊರೆದಿದ್ದ ಚಾಸಿ ನಂಬರನ್ನು ಓದಿದಳು. ಫೋನು ತೆಗೆದು ಗುರುವಾರ ತಾನೇ ತೆಗೆದ ಫೋಟೋ ನೋಡಿದಳು. ಮತ್ತೆ ಗಾಜು ನೋಡಿದಳು. ಹಿಂದೆ ಹೋಗಿ ನಂಬರ್ ಪ್ಲೇಟನ್ನು ಉಗುರಿನಿಂದ ಮೀಟಿದಳು. ಅದು ಸುಲಭವಾಗಿ ಎದ್ದು ಬಂತು. ಹಿಂದೆ ಎರಡು ಪಟ್ಟಿ ಅಂಟುಟೇಪು.

"ಪ್ಲೇಟು ನಿಮ್ಮದೇ ಸಾರ್. ಕಾರು ನಿಮ್ಮದಲ್ಲ."

ಬ್ರಿಕ್‌ಫೀಲ್ಡ್ಸ್‌ನ ಆ ಬೀದಿಯಲ್ಲಿ ಶನಿವಾರದ ಬೆಳಿಗ್ಗೆ ಸದ್ದಿಗೇನೂ ಬರವಿಲ್ಲ. ಹೂವಿನಂಗಡಿಯ ರೇಡಿಯೊ, ಬಸ್ಸಿನ ಹಾರನ್ನು, ಮೇಲೆ ರೈಲು. ಕರಿ ಕಾರಿನ ಸುತ್ತ ನಿಂತವರೆಲ್ಲ ಪ್ಲೇಟಿನತ್ತ ಬಗ್ಗಿದರು.

ದೀಕ್ಷಿತಾ ದಾವಣಗೆರೆಯವಳು. ಇಲ್ಲಿ ಮಲಯ್ ನಾಡಿನಲ್ಲಿ ವಿಮಾ ಕಂಪನಿಗಳ ಪರವಾಗಿ ಕಾರು ಪರೀಕ್ಷಿಸಿ ವರದಿ ಬರೆಯುವ ಸರ್ವೇಯರ್. ಹಳೆಯ ಕಾರಾದ್ದರಿಂದ ವಿಮೆಗೆ ಮೊದಲು ತಪಾಸಣೆ ಬೇಕೆಂದು ಗುರುವಾರ ಅವಳನ್ನು ಊರಾಚೆಯ ಐಟಿ ನಗರ ಸೈಬರ್‌ಜಯಾಕ್ಕೆ ಕಳಿಸಿದ್ದರು. ಕಾರು ಕ್ರೈಸ್ಲರ್ 300ಸಿ, ಅದರಲ್ಲೂ ದೊಡ್ಡ ಇಂಜಿನ್ನು, ದೊಡ್ಡ ಬ್ರೇಕಿನ ಎಸ್‌ಆರ್‌ಟಿ8. ಮಾರುತ್ತಿದ್ದವನು ಕೀರ್ತಿರಾಜ್, ಅಲ್ಲಿನ ಡೇಟಾ ಸೆಂಟರಿನಲ್ಲಿ ದುಡಿದು ಈಗ ಕಾರ್ಕಳಕ್ಕೆ ಹೊರಟವನು. ಕೊಳ್ಳುತ್ತಿದ್ದವರು ಅವನ ಗೆಳೆಯ ಯಜ್ಞನಾರಾಯಣ, ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡುವವರು. ಇಬ್ಬರೂ ಉಡುಪಿಯ ಒಂದೇ ಹೈಸ್ಕೂಲಿನವರು. ಪೆನಾಂಗ್, ಇಪೋ, ಮಲಕ್ಕಾ ಎಂದು ವರ್ಷಗಟ್ಟಲೆ ಕೀರ್ತಿಯ ಎಡಗಡೆ ಸೀಟಿನಲ್ಲಿ ಕೂತು ಡಾಕ್ಟರರು ಆ ಕಾರಿಗೆ ಮರುಳಾಗಿದ್ದರು. "ಕಾರು ಅಪ್ಪಟ ಅಸಲಿ" ಎಂದು ಬರೆದುಕೊಟ್ಟಿದ್ದವಳು ದೀಕ್ಷಿತಾ. ಆ ಮಾತಿಗಾಗಿಯೇ ಅವಳಿಗೆ ಇವತ್ತು ಪೂಜೆಯ ಆಹ್ವಾನ.

"ಬರುವಾಗಲೇ ಅನ್ನಿಸಿತು," ಎಂದರು ಡಾಕ್ಟರ್ ನಿಧಾನವಾಗಿ. "ಬಾಂಗ್ಸಾರಿನ ಮನೆಯಿಂದ ಇಲ್ಲಿಗೆ ಎಷ್ಟು ಮೆತ್ತಗೆ ಬಂತು. ದಾರಿಯಲ್ಲಿ ಒಮ್ಮೊಮ್ಮೆ ಶಬ್ದವೇ ಅಡಗಿ ಹೋಗ್ತಿತ್ತು."

"ಅಡಗೂದಾ?" ಕೀರ್ತಿರಾಜ್ ಕನಲಿದ. "ನನ್ನ ಕಾರು ಅಡಗಿದ್ದೇ ಇಲ್ಲ ಮಾರಾಯ!"

"ಅದು ಹಾಗೇ ಭಾವ," ಎಂದು ನಡುವೆ ನುಗ್ಗಿದ ಸುಮಂತ. ಡಾಕ್ಟರರ ಹೆಂಡತಿ ಶರ್ಮಿಳಾಳ ಎತ್ತರದ ತಮ್ಮ. ಬೆಂಗಳೂರಿನಲ್ಲಿ ಬೆಳೆದು ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಬರೆಯುವವ. ಅಮೆರಿಕದ ಕಾರೆಂದರೆ ಊಟ ಬಿಡುವವ. "300 ಅನ್ನೋ ಹೆಸರು ಹುಟ್ಟಿದ್ದೇ 1955ರಲ್ಲಿ. ಆಗ ಇಂಜಿನ್ನಿಗೆ ಮುನ್ನೂರು ಅಶ್ವಶಕ್ತಿ, ಅದಕ್ಕೇ ಆ ಹೆಸರು. ಆಮೇಲೆ 2005ರಲ್ಲಿ ಈ ಪೆಟ್ಟಿಗೆ ಥರದ್ದು ಬಂತು. ಆಗ ಕಂಪನಿ ಜರ್ಮನ್ನರ ಕೈಲಿತ್ತು. ಒಳಗೆ ಅರ್ಧ ಬೆಂಜ್ ಸಾಮಾನು, ಹೊರದೇಶಕ್ಕೆ ಹೋಗೋವು ತಯಾರಾಗಿದ್ದು ಆಸ್ಟ್ರಿಯಾದಲ್ಲಿ. ಸಾದಾ 300ಸಿಗೆ 5.7 ಲೀಟರ್ ಇಂಜಿನ್. ಆರಾಮಾಗಿ ಹೋಗುವಾಗ ಅದು ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗಿಸಿಬಿಡುತ್ತೆ. ಎಸ್‌ಆರ್‌ಟಿ8ಗೆ 6.1. ಅದು ಮಲಗೋದೇ ಇಲ್ಲ. 2012ರ ಹೊಸ ಮಾಡೆಲ್ 6.4ರಲ್ಲಿ ಮತ್ತೆ ಮಲಗಿಸೋಕೆ ಶುರು ಮಾಡಿದ್ರು."

"ಅಂದರೆ ಇದು ಸಾದಾದ್ದು. ಎಸ್‌ಆರ್‌ಟಿ ವೇಷ ಹಾಕಿದೆ," ಎಂದಳು ದೀಕ್ಷಿತಾ.

"ಆದ್ರೂ ಒಳ್ಳೇ ಕಾರೇ! ಭಾವನ ಓಟಕ್ಕೆ ಇದೇ ಜಾಸ್ತಿ."

ದೀಕ್ಷಿತಾ ಬಾನೆಟ್ ಎತ್ತಿದಳು. ಇಂಜಿನ್ನಿನ ಮುಚ್ಚಳದ ಮೇಲೆ ಒಂದು ಕುಂಕುಮದ ಬೊಟ್ಟು. ಪಕ್ಕದಲ್ಲಿ ಕೂಡುವ ಚಿಹ್ನೆಯಿದ್ದ ಪುಟ್ಟ ಕರಿ ಡಬ್ಬಿಯ ಮೇಲೆ ಇನ್ನೊಂದು.

ಡಾಕ್ಟರರ ಮುಖ ಬಿಳುಚಿತು. "ಅದು ಕೀರ್ತಿಯ ಕುಂಕುಮ! ಪ್ರತಿ ಆಯುಧಪೂಜೆಗೆ ಇಂಜಿನ್ನಿಗೊಂದು, ಬ್ಯಾಟರಿಗೊಂದು ಇಡ್ತಾನೆ. ಅವನ ಅಪ್ಪ ಬಸ್ಸಿಗೆ ಹಾಗೇ ಇಡ್ತಿದ್ದರು. ನಾವೆಲ್ಲ ಹೋಳಿಗೆ ತಿನ್ನಲಿಕ್ಕೆ ಹೋಗ್ತೇವಲ್ಲ." ಅವರು ತಿರುಗಿದರು. ಬಾಯಿಗೆ ಬರಬಾರದ ಮಾತು ಬಂದೇಬಿಟ್ಟಿತು. "ಕೀರ್ತಿ... ನೀನಾ?"

ಕೀರ್ತಿರಾಜ್ ಕಾರಿನ ಹತ್ತಿರ ಬರಲಿಲ್ಲ. ರಸ್ತೆ ದಾಟಿ ಹೂವಿನಂಗಡಿಯ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತ.

ದೀಕ್ಷಿತಾ ಡಿಕ್ಕಿ ತೆಗೆದು ನೆಲಹಾಸು ಎತ್ತಿದಳು. ಜ್ಯಾಕು, ಬ್ಯಾಟರಿ, ಒಂದಿಷ್ಟು ವೈರು. ಎಲ್ಲದರ ಮೇಲೂ ತೆಳುವಾಗಿ ಧೂಳು. ಮುಚ್ಚಿದಳು.

"ರಾಹುಕಾಲ ಶುರುವಾಗುತ್ತೆ," ಎಂದರು ಗುರುಕ್ಕಳು ಗಡಿಯಾರ ನೋಡಿ. "ಮುಗಿದ ಮೇಲೆ ಬನ್ನಿ. ಆವಾಗ ಯಾವ ಕಾರು ತಂದ್ರೂ ಪೂಜೆ ಮಾಡ್ತೀನಿ."

* * *

ಗುರುವಾರ ಸಂಜೆ ಕೀರ್ತಿಯೇ ಕಾರನ್ನು ಹಳೇ ಕ್ಲಾಂಗ್ ರಸ್ತೆಯ ಆಹ್ ಹೌ ಎಂಬವನ ವರ್ಕ್‌ಶಾಪಿಗೆ ಪಾಲಿಶ್ ಮಾಡಲು ಬಿಟ್ಟಿದ್ದ. ಶನಿವಾರ ಬೆಳಿಗ್ಗೆ ಸುಮಂತ ಅಲ್ಲಿಂದ ತಂದಿದ್ದ. ನಡುವೆ ಏನಾಯಿತು? ದೀಕ್ಷಿತಾ ಗ್ರ್ಯಾಬ್ ಟ್ಯಾಕ್ಸಿ ಹತ್ತಿದಳು. ಶರ್ಮಿಳಾ ತಾನೂ ಬರುತ್ತೇನೆಂದು ಪಕ್ಕದಲ್ಲಿ ಕೂತಳು.

"ನಾನು ಒಂದು ಮೈವಿ ಸಾಕು ಅಂದೆ ಕಣಮ್ಮ. ಪುಟ್ಟ ಕಾರು, ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು. ಇವ್ರಿಗೆ ಸ್ಪೀಡು ಎಂಬತ್ತು ದಾಟಿದ್ರೆ ತಲೆ ತಿರುಗುತ್ತೆ. ಅಂಥವ್ರಿಗೆ ರೇಸ್ ಕಾರ್ ಯಾಕೆ?"

"ಕೀರ್ತಿರಾಜ್ ಅವರು ಹೀಗೆ ಮಾಡ್ತಾರಾ?"

"ಛೆ!" ಶರ್ಮಿಳಾ ಥಟ್ಟನೆ ಅಂದಳು. ಮತ್ತೆ ತಡೆದಳು. "ಆದ್ರೆ ಎರಡನೇ ಕೀ ಇನ್ನೂ ಅವರ ಹತ್ರಾನೇ ಇದೆ. ಕೊಡೋಕೆ ಮರ್ತೆ ಅಂದ್ರು. ಇವತ್ತು ಇದು ಬಗೆಹರೀದೇ ಇದ್ರೆ ಆ ಮನುಷ್ಯ ಹಾಗೇ ವಿಮಾನ ಹತ್ತಿ ಹೋಗ್ಬಿಡ್ತಾರೆ. ಇವ್ರು ಜೀವಮಾನವೆಲ್ಲ ಕೊರಗ್ತಾರೆ."

ಆಹ್ ಹೌ ಚಡ್ಡಿ ತೊಟ್ಟು ಒಂದು ವ್ಯಾನಿಗೆ ನೀರು ಹೊಡೆಯುತ್ತಿದ್ದ. ಇಂಗ್ಲಿಷು, ಮಲಯ್ ಎರಡೂ ಬೆರೆಸಿ, ನಡುನಡುವೆ ಅಲ್ಲಿನವರ 'ಲಾ' ಸೇರಿಸಿ ಮಾತಾಡಿದ.

"ಕರಿ ಕಾರು ಬಂತು, ಕರಿ ಕಾರು ಹೋಯ್ತು. ನಾನು ಬದಲಾಯಿಸಿದ್ರೆ ಒಳ್ಳೇ ಕಾರು ತಗೊಂಡು ಊರು ಬಿಡ್ತಿದ್ದೆ, ಇಲ್ಲಿ ನಿಂತು ನೀರು ಹೊಡೀತಿದ್ನಾ?"

"ರಾತ್ರಿ ಎಲ್ಲಿ ನಿಲ್ಲಿಸಿದ್ರಿ?"

"ಹೊರಗೆ, ಬೀದೀಲಿ. ಒಳಗೆ ಜಾಗ ಎಲ್ಲಿದೆ ಲಾ? ಕೀ ಆ ಡಬ್ಬೀಲಿ ಹಾಕಿ ಮನೆಗೆ ಹೋದೆ. ಎತ್ತರದ ಹುಡುಗ ಬೆಳಿಗ್ಗೆ ತಗೊಂಡು ಹೋಗ್ತೀನಿ ಅಂತ ಫೋನ್ ಮಾಡಿದ್ದ."

"ಬೇರೆ ಯಾರಾದ್ರೂ ಬಂದಿದ್ರಾ?"

"ಹಳೇ ಯಜಮಾನ, ನಿನ್ನೆ ಸಂಜೆ. ಇಂಜಿನ್ ಶುರು ಮಾಡ್ಕೊಂಡು ಒಳಗೆ ಸುಮ್ಮನೆ ಕೂತಿದ್ದ. ಏನೂ ಮಾಡ್ಲಿಲ್ಲ. ಆಮೇಲೆ ಮೂಗು ಒರೆಸ್ಕೊಂಡು ಹೋದ."

ಶರ್ಮಿಳಾ "ಅಯ್ಯೋ" ಎಂದಳು. ಅದು ಅನುಮಾನದ ಅಯ್ಯೋನೋ ಕನಿಕರದ್ದೋ ಗೊತ್ತಾಗಲಿಲ್ಲ.

"ಇಂಜಿನ್ ಕೂಡ ತೊಳೆದ್ರಾ?" ಎಂದು ಕೇಳಿದಳು ದೀಕ್ಷಿತಾ.

ಆಹ್ ಹೌ ತಲೆ ಕೆರೆದುಕೊಂಡ. "ಒಂದು ತಪ್ಪಾಗಿದೆ, ಬೇಜಾರಾಗಬೇಡಿ. ಇಂಜಿನ್ ಮೇಲೆ ಕೆಂಪು ಪುಡಿ ಇತ್ತು. ತುಕ್ಕು ಅಂದ್ಕೊಂಡು ಚೆನ್ನಾಗಿ ಒರೆಸ್ಬಿಟ್ಟೆ. ಡಿಕ್ಕಿ ತೆಗೆದ್ರೆ ಅಲ್ಲಿ ಬ್ಯಾಟರಿ ಮೇಲೂ ಅದೇ ಪುಡಿ! ಆಗ ಹೊಳೀತು, ಇದು ಪ್ರಾರ್ಥನೆಗೆ ಸಂಬಂಧಿಸಿದ್ದು ಅಂತ. ಅದನ್ನ ಮುಟ್ಟಲಿಲ್ಲ."

ದೀಕ್ಷಿತಾ ನಕ್ಕುಬಿಟ್ಟಳು. "ತಪ್ಪಲ್ಲ ಅಂಕಲ್. ನೀವು ಒರೆಸಿದ್ದಕ್ಕೇ ಕಳ್ಳ ಸಿಕ್ಕಿದ."

* * *

ಬೀದಿಗೆ ವಾಪಸಾದಾಗ ಡಾಕ್ಟರರು ಈ ಬದಿ, ಕೀರ್ತಿರಾಜ್ ಆ ಬದಿ. ನಡುವೆ ಸುಮಂತ ಪ್ಲಾಸ್ಟಿಕ್ ಚೀಲದಲ್ಲಿ ಟಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದ ಚಹಾ ಹಿಡಿದು ಇಬ್ಬರಿಗೂ ಸರಬರಾಜು ಮಾಡುತ್ತಿದ್ದ. ಇಬ್ಬರೂ ಕುಡಿದಿರಲಿಲ್ಲ.

"ಸುಮಂತ, ಒಂದು ಸಹಾಯ," ಎಂದಳು ದೀಕ್ಷಿತಾ. "ಈ ಕಾರನ್ನ ಪಕ್ಕಕ್ಕೆ ತಳ್ಳಬೇಕಾಗುತ್ತೋ ಏನೋ. ಬ್ಯಾಟರಿ ಕನೆಕ್ಷನ್ ಗಟ್ಟಿಯಾಗಿದೆಯಾ ಸ್ವಲ್ಪ ನೋಡ್ತೀರಾ?"

"ಅಷ್ಟೇನಾ?" ಸುಮಂತ ಚಹಾ ಇಳಿಸಿ, ಬಾನೆಟ್ ಎತ್ತಿ, ಕುಂಕುಮ ಹಚ್ಚಿದ್ದ ಕರಿ ಡಬ್ಬಿಯನ್ನು ಬೆರಳಿನಿಂದ ತಟ್ಟಿದ. "ಗಟ್ಟಿಯಾಗಿದೆ."

ರಸ್ತೆಯಾಚೆಯಿಂದ ಒಂದು ನಗು ಕೇಳಿಸಿತು. ಅವತ್ತು ಕೀರ್ತಿರಾಜ್ ನಕ್ಕಿದ್ದು ಅದೇ ಮೊದಲು. ಎದ್ದು ಬಂದು, ಯಾರನ್ನೂ ನೋಡದೆ, ಕಾರಿನ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದ. ನೆಲಹಾಸು ಎತ್ತಿದ.

"ಬ್ಯಾಟರಿ ಇಲ್ಲುಂಟು ಮಾರಾಯ. ಈ ಮಾಡೆಲ್ಲಿಗೆಲ್ಲ ಡಿಕ್ಕಿಯಲ್ಲೇ. ನೀನು ತಟ್ಟಿದ್ದು, ಬ್ಯಾಟರಿ ಸತ್ತಾಗ ಬೇರೆ ಕಾರಿನಿಂದ ಕರೆಂಟು ಕೊಡಲಿಕ್ಕೆ ಇಟ್ಟ ತುದಿ."

ಸುಮಂತನ ಕೈ ಡಬ್ಬಿಯ ಮೇಲೇ ಉಳಿಯಿತು.

"ಕುಂಕುಮ ಇಟ್ಟವರು ಯಾರು ಅಂತ ಯೋಚನೆ ಮಾಡಿ," ಎಂದಳು ದೀಕ್ಷಿತಾ. "ಆಹ್ ಹೌ ಅಲ್ಲ, ಅವನು ಅದನ್ನ ಒರೆಸಿದವನು. ಕೀರ್ತಿರಾಜ್ ಸಾರ್ ಅಲ್ಲ. ಅವರಾಗಿದ್ರೆ ಎರಡನೇ ಬೊಟ್ಟು ಡಿಕ್ಕೀಲಿ ಇರ್ತಿತ್ತು. ಇಲ್ಲಿ ಡಿಕ್ಕೀಲಿ ಬರೀ ಧೂಳು. ಗುರುಕ್ಕಳು ಬಾನೆಟ್ ತೆಗೆಸ್ತಾರೆ, ಕುಂಕುಮ ಕಾಣದೇ ಇದ್ರೆ ಡಾಕ್ಟರು ಕೇಳ್ತಾರೆ ಅಂತ ಗೊತ್ತಿದ್ದವರು ಇಟ್ಟಿದ್ದು. ಆಯುಧಪೂಜೆಗೆ ಹೋಗಿ, ಪೂಜೆ ನೋಡದೆ ಹೋಳಿಗೆ ತಿಂದವರು. ಇಂಜಿನ್ನಿಗೊಂದು ಬ್ಯಾಟರಿಗೊಂದು ಅಂತ ಕೇಳಿದ್ರು, ಬ್ಯಾಟರಿ ಎಲ್ಲಿದೆ ಅಂತ ನೋಡಿರಲಿಲ್ಲ. ಆಹ್ ಹೌ ಒರೆಸಿದ್ದೂ ಗೊತ್ತಿರಲಿಲ್ಲ. ಅಸಲಿ ಕಾರಿನ ಇಂಜಿನ್ ಮೇಲೆ ಇವತ್ತು ಕುಂಕುಮಾನೇ ಇಲ್ಲ."

"ಭಾವನೂ ಹೋಳಿಗೇನೇ ತಿಂದಿದ್ದು!" ಎಂದ ಸುಮಂತ, ಕೊನೆಯ ಪ್ರಯತ್ನವಾಗಿ.

"ಹೌದು. ಆದ್ರೆ ಭಾವ ವರ್ಕ್‌ಶಾಪಿಂದ ಕಾರು ತರಲಿಲ್ಲ."

ಶರ್ಮಿಳಾ ತಮ್ಮನ ಕಿವಿ ಹಿಡಿದಳು, ಮೂವತ್ತರ ಗಂಡಸೆಂದೂ ನೋಡದೆ. "ಬೊಗಳು. ಎಲ್ಲಿ ಕಾರು?"

"ಬಿಡಕ್ಕಾ... ಸೈಬರ್‌ಜಯಾದಲ್ಲಿ, ನಮ್ಮ ಕಾಂಡೋ ಪಾರ್ಕಿಂಗಲ್ಲಿ. ಹೊದಿಕೆ ಹಾಕಿಟ್ಟಿದ್ದೀನಿ. ಒಂದು ಗೀರೂ ಆಗಿಲ್ಲ!"

ಉಳಿದದ್ದು ಪಟಪಟನೆ ಹೊರಬಿತ್ತು. ನಾಳೆ ಅಮೆರಿಕನ್ ಕಾರು ಕ್ಲಬ್ಬಿನವರು ಸೆಪಾಂಗ್ ರೇಸ್ ಟ್ರ್ಯಾಕಿನಲ್ಲಿ ಸೇರುತ್ತಾರೆ. ಸುಮಂತ ತನ್ನದೇ ಎಸ್‌ಆರ್‌ಟಿ8 ಇದೆಯೆಂದು ತಿಂಗಳುಗಟ್ಟಲೆ ಅವರಿಗೆ ಕೊಚ್ಚಿಕೊಂಡಿದ್ದ. ಕ್ಲಬ್ಬಿನ ಗೆಳೆಯನೊಬ್ಬನ ಹತ್ತಿರ ಎಸ್‌ಆರ್‌ಟಿ ಬ್ಯಾಡ್ಜು, ಚಕ್ರ ಎಲ್ಲ ಹಾಕಿಸಿದ ಸಾದಾ 300ಸಿ ಇತ್ತು. ಸೋಮವಾರದವರೆಗೆ ಕೇಳಿ ತಂದ. ಸೋಮವಾರ "ಸರ್ವಿಸಿಗೆ" ಎಂದು ಒಯ್ದು ಮತ್ತೆ ಬದಲಾಯಿಸುವ ಯೋಚನೆ.

"ಭಾವ ಎಂಬತ್ತು ದಾಟೋದಿಲ್ಲ, ಗೊತ್ತಾಗಲ್ಲ ಅಂದ್ಕೊಂಡೆ. ನಿಂಬೆಹಣ್ಣು ಇಡೋಕೆ ಇವರನ್ನ ಕರೀತಾರೆ ಅಂತ ನನಗೇನು ಗೊತ್ತು?"

"ನಂಬರ್ ಪ್ಲೇಟು ಬದಲಾಯಿಸಿದ್ದಕ್ಕೆ ಪೊಲೀಸರು ಏನು ಕೊಡ್ತಾರೆ ಅಂತ ಗೊತ್ತಾ?" ಎಂದಳು ದೀಕ್ಷಿತಾ. ಅಂಟುಟೇಪಿನ ಎರಡೂ ಪ್ಲೇಟುಗಳನ್ನು ಅವನ ಕಂಕುಳಿಗೆ ತುರುಕಿದಳು. "ರೈಲು ಹತ್ತಿ ಹೋಗಿ. ಅಲ್ಲಿ ಇದನ್ನ ಸ್ಕ್ರೂ ಹಾಕಿ ಕೂರಿಸಿ. ಆಮೇಲೆ ಕಾರು ತನ್ನಿ. ನಿಮ್ಮ ಗೆಳೆಯನಿಗೂ ಅವನ ಪ್ಲೇಟು ತಗೊಂಡು ಬರೋಕೆ ಹೇಳಿ."

"ನಾಳೆ ಕ್ಲಬ್ಬಿನವರಿಗೆ ಏನು ಹೇಳ್ಲಿ?"

"ಬ್ಯಾಟರಿ ಸಿಗಲಿಲ್ಲ ಅಂತ ಹೇಳು," ಎಂದ ಕೀರ್ತಿರಾಜ್.

* * *

ಕಾರು ಬೀದಿಯ ತಿರುವಿನಲ್ಲಿ ಕಾಣುವ ಮೊದಲೇ ಕೇಳಿಸಿತು. ಹೂವಿನಂಗಡಿಯ ರೇಡಿಯೊ ಅದರೆದುರು ಸುಮ್ಮನಾದ ಹಾಗಾಯಿತು. ಎಂಟೂ ಸಿಲಿಂಡರು ಎದ್ದು ಕೂತಿದ್ದವು.

ದೀಕ್ಷಿತಾ ಚಾಸಿ ನಂಬರು ನೋಡಿದಳು. ಬಾನೆಟ್ ಎತ್ತಿದಳು: ಬೋಳು, ಫಳಫಳ. ಡಿಕ್ಕಿ ಎತ್ತಿದಳು: ಬ್ಯಾಟರಿಯ ನೆತ್ತಿಯ ಮೇಲೆ ವರುಷಗಳ ಕುಂಕುಮ, ಪದರ ಪದರವಾಗಿ. ಗುರುಕ್ಕಳು ಇಂಜಿನ್ನಿಗೆ ಹೊಸ ಬೊಟ್ಟಿಟ್ಟರು, ಕರ್ಪೂರ ಹಚ್ಚಿದರು, ಕಾಯಿ ಒಡೆದರು. ದೀಕ್ಷಿತಾ ಮೂರು ನಿಂಬೆಹಣ್ಣು ಇಟ್ಟು, ನಾಲ್ಕನೆಯದನ್ನೂ ಎಡಚಕ್ರದ ಮುಂದೆ ಇಟ್ಟಳು. ಚಕ್ರದ ಒಳಗೆ ದೊಡ್ಡ ಬ್ರೇಕು ಬಿಸಿಲಿಗೆ ಹೊಳೆಯಿತು.

ಈಗ ಯಾರಾದರೂ ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಬೇಕು.

ಡಾಕ್ಟರರು ಹತ್ತಲಿಲ್ಲ. ಕೈಯಲ್ಲಿ ಕೀ ಹಿಡಿದು ಕೀರ್ತಿರಾಜನ ಮುಂದೆ ನಿಂತರು. 

"ನಿನ್ನನ್ನು ಕೇಳಿಬಿಟ್ಟೆ ನಾನು. ಎಲ್ಲರೆದುರು."

"ಕೇಳಿದಿ."

"ನಿನ್ನೆ ನೀನು ಕಾರಿನಲ್ಲಿ ಕೂತು ಅತ್ತಿಯಂತೆ. ಶರ್ಮಿಳಾ ಹೇಳಿದಳು."

"ಪಾಲಿಶಿನ ವಾಸನೆಗೆ ಮೂಗು ಸೋರಿತು."

"ಕೀರ್ತಿ, ತಕೊ." ಡಾಕ್ಟರರು ಕೀಯನ್ನು ಅವನ ಅಂಗೈಗೆ ಒತ್ತಿದರು. "ಹಣದ ಮಾತು ಬೇಡ. ಕಾರು ನಿನ್ನದೇ. ಹಡಗಿಗೆ ಹಾಕಿಯಾದರೂ ಊರಿಗೆ ಒಯ್ಯಿ. ಅದೂ ಆಗದಿದ್ದರೆ ಇವತ್ತೊಂದು ದಿನ ನೀನೇ ಓಡಿಸು. ನಾನು ಎಂದಿನ ಹಾಗೆ ಎಡಗಡೆ ಕೂರ್ತೇನೆ."

ಕೀರ್ತಿರಾಜ್ ಕೀ ನೋಡಿದ. ಅದರ ಅಂಚಿನ ಸವೆತ ಅವನದೇ ಹೆಬ್ಬೆರಳಿನದು. ಜೇಬಿಗೆ ಕೈಹಾಕಿ, ಮರೆತು ಉಳಿದಿದ್ದ ಎರಡನೇ ಕೀಯನ್ನೂ ತೆಗೆದ. ಎರಡನ್ನೂ ಸೇರಿಸಿ ಡಾಕ್ಟರರ ಶಲ್ಯದ ತುದಿಗೆ ಗಂಟು ಹಾಕಿದ. ಕಾರನ್ನು ಸುತ್ತಿ ಹೋಗಿ ಎಡಗಡೆಯ ಬಾಗಿಲು ತೆಗೆದು ಕೂತ. ಬೆಲ್ಟು ಎಳೆದುಕೊಂಡ.

"ಬೇಡ," ಎಂದ ಕಿಟಕಿಯಿಂದ. "ನೀನೇ ಓಡಿಸು. ನಾನು ಇಲ್ಲಿ ಕೂತು ಬೈತೇನೆ."